ಕಲ್ಲಿಲ್ಲದ ಗ್ರೈಂಡರಿನಲ್ಲಿ ಉದ್ದು ರುಬ್ಬಿದ ನನ್ನ ಅನುಭವ

ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್. ಅಂಗಡಿಯಲ್ಲಿ ತೋರಿಸೋಕೆ ಇಟ್ಟಿದ್ದ ಪೀಸು. ಹೊಸದಾದರೆ 5,500 ಆಸುಪಾಸು. ಇದನ್ನು 1,500ಕ್ಕೆ ಕೊಟ್ಟರು. ಕಾರಣ ಒಂದೇ, ತಳದ ಕಲ್ಲಿನ ಮೇಲೆ ಉರುಳುವ ಕಲ್ಲುಗಳ ಸೆಟ್ಟೇ ಇರಲಿಲ್ಲ. ಬಿಲ್ಲಿನ ಮೇಲೆ ‘ಇದ್ದ ಹಾಗೆ ಮಾರಿದೆ, ವಾಪಸ್ ಇಲ್ಲ’ ಅಂತ ಬರೆದು ಕೈಗಿಟ್ಟರು. ಅವರು ಮೊದಲು ಕೇಳಿದ್ದು 2,200. ಕಲ್ಲಿನ ಸೆಟ್ಟಿಗೆ ಎಷ್ಟಾಗುತ್ತೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿದ್ದರಿಂದ ನಾನು 1,500 ಬಿಟ್ಟು ಮೇಲೆ ಹೋಗಲಿಲ್ಲ.

ನಮ್ಮದು ಮನೆಯಲ್ಲೇ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮಾರುವ ಕಸುಬು. ಅಕ್ಕಿಗೆ ದೊಡ್ಡ ಟಿಲ್ಟಿಂಗ್ ಗ್ರೈಂಡರ್ ಇದೆ. ಉದ್ದನ್ನು ಅದರಲ್ಲೇ ರುಬ್ಬಿದರೆ ತೊಳೆದು ಕಾಯೋ ಹೊತ್ತಿಗೆ ಬೆಳಗಿನ ಅರ್ಧ ಹೋಗುತ್ತೆ. ಉದ್ದಿಗೆ ಅಂತ ಒಂದು ಚಿಕ್ಕದು ಬೇಕೇ ಬೇಕಿತ್ತು. ಗ್ರೈಂಡರ್ ಮನೆಗೆ ತಂದ ದಿನ ನಮ್ಮ ಭಾವ ನೋಡಿ, ‘ಏನೋ ಮಾರಾಯ, ಕಲ್ಲಿಲ್ಲದ ಗ್ರೈಂಡರಿನಲ್ಲಿ ಬಟ್ಟೆ ಒಗೀತೀಯಾ?’ ಅಂದರು. ಪಕ್ಕದ ರಸ್ತೆಯಲ್ಲಿ ಹಿಟ್ಟು ಮಾರೋ ಅಕ್ಕನೂ ತಲೆ ಆಡಿಸಿದರು. ಈಗ ಅದೇ ಗ್ರೈಂಡರ್ ಒಂದು ವರ್ಷಕ್ಕೂ ಜಾಸ್ತಿ ದಿನಾ ಓಡ್ತಾ ಇದೆ. ಅದಕ್ಕೇ ಬರೀತಿದ್ದೇನೆ.

ತಗೊಳ್ಳೋ ಮುಂಚೆ ಅಂಗಡಿಯಲ್ಲೇ ಡ್ರಮ್ಮಿಗೆ ನೀರು ತುಂಬಿಸಿ ಹತ್ತು ನಿಮಿಷ ಓಡಿಸಿದೆ. ತಳದಲ್ಲಿ ಜಿನುಗಲಿಲ್ಲ, ಡ್ರಮ್ ಓಲಾಡಲಿಲ್ಲ, ಮೋಟರಿನ ಸದ್ದು ಒಂದೇ ಸಮ ಇತ್ತು. ತಳದ ಕಲ್ಲು ಗಟ್ಟಿಯಾಗಿ ಕೂತಿತ್ತು. ಇಷ್ಟು ಸರಿ ಇದ್ದರೆ ಉಳಿದದ್ದೆಲ್ಲ ಹೊರಗೆ ಹುಡುಕಬಹುದು.

ಮೊದಲು ಸರ್ವಿಸ್ ಸೆಂಟರಿಗೆ ಹೋದೆ. ಸೆಟ್ಟಿಗೆ 2,400 ಅಂದರು. ಈ ಮಾಡೆಲಿಗೆ ಬರುತ್ತೋ ಇಲ್ಲವೋ ತರಿಸಿ ನೋಡಬೇಕು, ಹಣ ಮಾತ್ರ ಮೊದಲೇ ಕಟ್ಟಬೇಕು. ಬೇಡ ಅಂದೆ. ಆಮೇಲೆ ಆನ್‌ಲೈನಿನಲ್ಲಿ ‘ಎಲ್ಲಾ ಗ್ರೈಂಡರಿಗೂ ಹೊಂದುತ್ತೆ’ ಅಂತ ಇದ್ದ ಸೆಟ್ ತರಿಸಿದೆ, 1,100 ಚಿಲ್ಲರೆ. ಅದು ಡ್ರಮ್ಮಿನ ನಡುವಿನ ಕೊಳವೆ ಮೇಲೆ ಇಳಿಯಲೇ ಇಲ್ಲ. ವಾಪಸ್ ಕಳಿಸೋಕೆ ಕೈಯಿಂದ ನೂರೈವತ್ತು ಹೋಯ್ತು. ಎಲ್ಲದಕ್ಕೂ ಹೊಂದುವ ಸೆಟ್ ಅನ್ನೋದು ಇಲ್ಲ. ಈ ಯಂತ್ರದ ತವರು ಕೊಯಮತ್ತೂರು, ಅಲ್ಲಿನ ವೆಟ್ ಗ್ರೈಂಡರಿಗೆ ಜಿಐ, ಅಂದರೆ ಆ ಊರಿನದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಲ್ಲಿ ಸಣ್ಣ ಸಣ್ಣ ಘಟಕಗಳು ಬೇಕಾದಷ್ಟು. ಒಬ್ಬರ ಕೊಳವೆ ದಪ್ಪ ಇನ್ನೊಬ್ಬರಿಗೆ ಬರಲ್ಲ, ಒಬ್ಬರ ಕಲ್ಲಿನ ಎತ್ತರ ಇನ್ನೊಬ್ಬರಿಗೆ ಕೂರಲ್ಲ.

ಕೊನೆಗೆ ಕೈ ಹಿಡಿದದ್ದು ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆ. ಕೆಲವು ಭಾನುವಾರ ಬರಿಗೈಲಿ ಬಂದೆ. ಆಮೇಲೆ ಮೋಟರ್ ಸುಟ್ಟ ಹಳೇ ಗ್ರೈಂಡರಿನ ಎರಡು ಉರುಳೆ ಕಲ್ಲು ಹೋಲ್ಡರ್ ಸಮೇತ ಸಿಕ್ಕಿತು. 600 ಹೇಳಿದರು, 350ಕ್ಕೆ ಬಿಟ್ಟರು. ಕಲ್ಲಿನ ಉದ್ದ, ದಪ್ಪ ನನ್ನ ಅಳತೆಗೆ ಹತ್ತಿರ ಇತ್ತು. ಹೋಲ್ಡರಿನ ನಡುವಿನ ತೂತು ಮಾತ್ರ 2 ಮಿ.ಮೀ.ಗೂ ಸ್ವಲ್ಪ ಜಾಸ್ತಿ ಸಡಿಲ. ಸಡಿಲ ಇರೋದೇ ಒಳ್ಳೇದು. ಬಿಗಿ ಇದ್ದರೆ ಕೊರೆಯಬೇಕು, ಸಡಿಲ ಇದ್ದರೆ ತೂತಿನೊಳಗೆ ಬುಷ್ ಅನ್ನೋ ಬಳೆ ಹಾಕಿದರೆ ಮುಗೀತು. ಯಾವ ಮೂಲೆಯ ಯಾರ ಹತ್ತಿರ ಸಿಕ್ಕಿತು ಅಂತ ಕೇಳಬೇಡಿ, ನನಗೆ ಇನ್ನೂ ಎರಡು ಸೆಟ್ ಬೇಕಿದೆ.

ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗೆ ಹೋದೆ. ‘ಹಿತ್ತಾಳೆ ಬುಷ್ ಹಾಕ್ಬಿಡ್ತೀನಿ ಸಾರ್, ಜೀವಮಾನ ಬರುತ್ತೆ’ ಅಂದರು. ಒಪ್ಪಲಿಲ್ಲ. ಹಿಟ್ಟಿನ ಪಸೆ ಒಳಗೆ ಉಳಿದು ಹುಳಿ ಬರುತ್ತೆ. ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು. ನೈಲಾನ್ ಹಾಕಿಸಿದರೆ ನೀರು ಕುಡಿದು ಉಬ್ಬಿ ಕೊಳವೆ ಹಿಡಿಯುತ್ತೆ. ಅಷ್ಟಾಗಿ ನೀರು ಕುಡಿಯದ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕಡ್ಡಿಯಲ್ಲೇ ಕಡೆಸಿದೆ, ಆಹಾರಕ್ಕೆ ಆಗುವಂಥದ್ದು ಅಂತ ಕೇಳಿ ತಂದದ್ದು. ಕೂಲಿ, ಸಾಮಾನು ಸೇರಿ 250. ‘ಕಲ್ಲು ಓರೆ ಓಡಿದ್ರೆ ನನ್ನ ಕೇಳ್ಬೇಡಿ’ ಅಂತ ಮೊದಲೇ ಹೇಳಿದ್ದರು. ಬುಷ್ ಮತ್ತು ಕೊಳವೆ ನಡುವೆ ಎಷ್ಟು ಸಡಿಲ ಬಿಡಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದನ್ನು ಸುಮ್ನೆ ಬಾಯಿಮಾತಲ್ಲಿ ಕಲಿಯೋಕಾಗಲ್ಲ.

ಕೂರಿಸಿ ಓಡಿಸಿದರೆ ಉದ್ದು ರುಬ್ಬಿತು, ಆದರೆ ನುಣ್ಣಗಾಗಲಿಲ್ಲ. ಮುಕ್ಕಾಲು ಗಂಟೆ ಆದರೂ ಬೆರಳಿಗೆ ರವೆ ರವೆ. ಭಾವನಿಗೆ ಆ ದಿನ ಖುಷಿಯೋ ಖುಷಿ. ನನಗೆ ಕಾರಣ ಹುಡುಕದೆ ನಿದ್ದೆ ಬರಲಿಲ್ಲ. ರಂಗೋಲಿಗೆ ಇಟ್ಟಿದ್ದ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ತಳದ ಕಲ್ಲಿಗೆ ತೆಳ್ಳಗೆ ಸವರಿದೆ. ಸೆಟ್ ಇಳಿಸಿ, ಪ್ಲಗ್ ಕಿತ್ತು, ಕೈಯಿಂದಲೇ ಡ್ರಮ್ ಎರಡು ಸುತ್ತು ತಿರುಗಿಸಿದೆ. ಎತ್ತಿ ನೋಡಿದರೆ ಕಲ್ಲಿನ ಹೊರ ಅಂಚಿನಲ್ಲಿ ಮಾತ್ರ ಬೆರಳಗಲ ಕೆಂಪು ಪಟ್ಟಿ. ಒಳಗಡೆ ಬೂದು ಕಲ್ಲು ಹಾಗೇ ಇತ್ತು. ಅಂದರೆ ಅಂಚು ಮಾತ್ರ ಕೆಲಸ ಮಾಡ್ತಿತ್ತು.

ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಸಾಣೆಕಲ್ಲು, 120 ರೂಪಾಯಿ. ಕೆಂಪು ತಾಗಿದ ಕಡೆ ನೀರು ಹಾಕಿ ಹಾಕಿ ಉಜ್ಜಿದೆ. ನೀರು ಬಿಡಲೇಬಾರದು, ಕಲ್ಲಿನ ಧೂಳು ಎದೆಗೆ ಕೆಟ್ಟದ್ದು. ತೊಳಿ, ಮತ್ತೆ ಕೆಮ್ಮಣ್ಣು ಸವರು, ತಿರುಗಿಸು, ಉಜ್ಜು. ಸಂಜೆ ಹೊತ್ತು ಇದೇ ಕೆಲಸ. ವಾರ ಹತ್ತು ದಿನದಲ್ಲಿ ಪಟ್ಟಿ ಒಳಗಿನ ತನಕ ಹರಡಿತು. ಎರಡು ಕಲ್ಲಿಗೂ ಒಂದೇ ತರ ಬರೋವರೆಗೂ ಬಿಡಲಿಲ್ಲ.

ಆಮೇಲೆ ಅಗ್ಗದ ಅಕ್ಕಿ ಹಾಕಿ ರುಬ್ಬಿ ಚೆಲ್ಲಿದೆ, ಎರಡು ಮೂರು ಕೆಜಿ ಹೋಗಿರಬಹುದು. ಪ್ರತಿ ಸಲ ಒಂದು ಸೌಟು ಹಿಟ್ಟನ್ನು ಸ್ಟೀಲ್ ತಟ್ಟೆಯಲ್ಲಿ ನೀರಿಗೆ ಬೆರೆಸಿ, ಅಕ್ಕಿ ಗಾಳಿಸುವ ಹಾಗೆ ಓರೆ ಮಾಡಿ ಬಗ್ಗಿಸುವುದು. ಮೊದಮೊದಲು ತಟ್ಟೆಯ ಅಂಚಲ್ಲಿ ಕಪ್ಪು ಚುಕ್ಕಿ ಉಳಿಯುತ್ತಿತ್ತು. ಅದು ಪೂರ್ತಿ ನಿಂತ ಮೇಲೇ ತಿನ್ನೋ ಹಿಟ್ಟು ಹಾಕಿದ್ದು. ಹಿಟ್ಟು ಕೆರೆಯುವ ಪಟ್ಟಿಯೂ ಇರಲಿಲ್ಲ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಕೊಯ್ದು ಮಾಡಿದೆ. ಕಂಪನಿಯದಕ್ಕಿಂತ ಚೆನ್ನಾಗಿ ಕೆರೆಯುತ್ತೆ.

ಈಗ ಮುಕ್ಕಾಲು ಪಾವು ಉದ್ದು ಇಪ್ಪತ್ತೈದು ನಿಮಿಷಕ್ಕೆ ಬೆಣ್ಣೆ. ಒಂದು ಚೂರು ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲುತ್ತೆ.

ನಡುವೆ ಒಂದು ಚಾಕೊಲೇಟ್ ಪ್ರಯೋಗವೂ ಆಯ್ತು. ಹೊರದೇಶದಲ್ಲಿ ಮನೆಯಲ್ಲಿ ಚಾಕೊಲೇಟ್ ಮಾಡೋರು ಇಂಥದ್ದೇ ಕಲ್ಲಿನ ಗ್ರೈಂಡರ್ ಬಳಸ್ತಾರೆ. 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇರೋ ಪುತ್ತೂರಿನ ಕಡೆ ನಮ್ಮ ನೆಂಟರ ತೋಟ. ಅಲ್ಲಿಂದ ಒಣಗಿದ ಕೋಕೋ ಬೀಜ ತಂದು, ಹುರಿದು, ಮೊರದಲ್ಲಿ ಸಿಪ್ಪೆ ಕೇರಿ, ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದೆ. ಕಲ್ಲು ಬೆಚ್ಚಗಾದ ಮೇಲೆ ಎಣ್ಣೆ ಬಿಟ್ಟು ನೀರಾಯ್ತು. ಬೆಲ್ಲ ಹಾಕಿದ್ದೇ ತಡ ಗಂಟುಕಟ್ಟಿ ನಿಂತಿತು. ಬೆಲ್ಲದಲ್ಲಿರೋ ನೀರಿನ ಪಸೆ ಅದಕ್ಕೆ ಆಗಲ್ಲ. ಸಕ್ಕರೆ ಪುಡಿ ಹಾಕಿದ ಇನ್ನೊಂದು ಸಲ ಚೆನ್ನಾಗಿ ಬಂತು. ಎಂಟು ಗಂಟೆ ಮೇಲೇ ಓಡಿಸಿದೆ, ನಡುನಡುವೆ ನಿಲ್ಲಿಸಿ, ಮೋಟರಿಗೆ ಟೇಬಲ್ ಫ್ಯಾನ್ ಇಟ್ಟು. ಶೇಂಗಾ ರುಬ್ಬೋದಾದರೆ ಇಷ್ಟೆಲ್ಲ ಬೇಡ, ಅರ್ಧ ಗಂಟೆ ಸಾಕು.

ಲೆಕ್ಕಕ್ಕೆ ಬಂದರೆ ಗ್ರೈಂಡರ್, ಕಲ್ಲು, ಬುಷ್, ಸಾಣೆಕಲ್ಲು, ನೂರು ರೂಪಾಯಿಯ ಹೊಸ ಬೆಲ್ಟ್, ಹೋದ ಪೋಸ್ಟ್ ಖರ್ಚು, ಚೆಲ್ಲಿದ ಅಕ್ಕಿ ಎಲ್ಲ ಸೇರಿ 2,600 ದಾಟಿಲ್ಲ. ಹೊಸದರ ಅರ್ಧ ಬೆಲೆಯೂ ಅಲ್ಲ. ಬುಷ್ ಸವೆಯುತ್ತೆ, ಒಂದು ಸಲ ಬದಲಾಯಿಸಿದೆ. ಲೇತಿನಲ್ಲಿ ಒಟ್ಟಿಗೆ ನಾಲ್ಕು ಕಡೆಸಿಟ್ಟುಕೊಂಡರೆ ಕೂಲಿ ಅರ್ಧಕ್ಕರ್ಧ ಇಳಿಯುತ್ತೆ. ಪಕ್ಕದ ರಸ್ತೆಯ ಅಕ್ಕ ಮೊನ್ನೆ ಬಂದು, ಮುಚ್ಚಳದ ಲಾಕ್ ಇಲ್ಲದ ಒಂದು ಗ್ರೈಂಡರ್ 1,800ಕ್ಕೆ ಇದೆ, ತಗೊಳ್ಳಲಾ ಅಂತ ಕೇಳಿದರು. ನೀರು ತುಂಬಿಸಿ ಓಡಿಸಿ ನೋಡಿ, 1,400ರ ಮೇಲೆ ಕೊಡಬೇಡಿ ಅಕ್ಕ, ಲಾಕ್ ನಾನು ಮಾಡಿಸಿಕೊಡ್ತೀನಿ ಅಂದೆ.