ಮೆಕ್ಸಿಕೊದ ಕಡಲ ದಂಡೆಯಲ್ಲಿ ಮನೆ: ಅಲೆ ಆಮೇಲೆ ನೋಡಿ, ಮೊದಲು ಕಾಗದ ನೋಡಿ

ಸ್ಯಾನ್ ಡಿಯಾಗೊದಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಶನಿವಾರ ಬೆಳಗ್ಗೆ ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಗಡಿಯಾಚೆ ಎನ್ಸೆನಾಡಾದಲ್ಲಿ ಇರಬಹುದು. ದಾರಿಯುದ್ದಕ್ಕೂ ಬಲಗಡೆ ಪೆಸಿಫಿಕ್ ಸಾಗರ. ರಸ್ತೆ ಬದಿಯಲ್ಲಿ ‘ಸೆ ವೆಂಡೆ’ ಬೋರ್ಡುಗಳು. ಅಂದರೆ, ಮಾರಾಟಕ್ಕಿದೆ. ಬೆಲೆ ಕೇಳಿದರೆ ಕ್ಯಾಲಿಫೋರ್ನಿಯಾದ ಕಡಲ ಮನೆಯ ಮುಂದೆ ಏನೇನೂ ಅಲ್ಲ. ವಾಪಸ್ ಬರುವಾಗ ಗಡಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿರುತ್ತಾರಲ್ಲ, ಆಗ ಕಾರಿನೊಳಗೆ ಶುರುವಾಗುವ ಮಾತು ಒಂದೇ: ‘ನಾವೂ ಒಂದು ತಗೊಂಡ್ಬಿಡೋಣ್ವಾ?’

ಆಸೆ ತಪ್ಪಲ್ಲ. ಅಮೆರಿಕ, ಕೆನಡಾದ ಎಷ್ಟೋ ಜನ ಹೀಗೆ ಕೊಂಡು ಸುಖವಾಗಿದ್ದಾರೆ. ಕೈ ಸುಟ್ಟುಕೊಂಡವರೂ ಇದ್ದಾರೆ. ಎರಡೂ ಗುಂಪಿನವರು ನೋಡಿದ್ದು ಅದೇ ಕಡಲನ್ನು. ಕಾಗದ ಮಾತ್ರ ಬೇರೆ ಬೇರೆ.

ಹೆಜ್ಜೆ 1: ಸೆಪ್ಟೆಂಬರಿನಲ್ಲಿ ಬಾಡಿಗೆಗೆ ಇದ್ದು ನೋಡಿ

ಎಲ್ಲರೂ ಡಿಸೆಂಬರ್, ಜನವರಿಯಲ್ಲಿ ಹೋಗುತ್ತಾರೆ. ಆಗ ಹವೆ ಚೆನ್ನಾಗಿರುತ್ತದೆ, ಊರು ಕಳೆಗಟ್ಟಿರುತ್ತದೆ, ಏಜೆಂಟರೂ ಹುರುಪಿನಲ್ಲಿರುತ್ತಾರೆ. ನೀವು ಹೋಗಬೇಕಾದ್ದು ಸೆಪ್ಟೆಂಬರಿನಲ್ಲಿ. ಪ್ವೆರ್ಟೊ ವಯಾರ್ಟಾ, ಲಾಸ್ ಕಾಬೊಸ್, ಟುಲೂಮ್ ಎಲ್ಲ ಕಡೆಯೂ ಅದು ಬೆವರು ಕಿತ್ತುಬರುವ, ಚಂಡಮಾರುತದ ತಿಂಗಳು. ಮಂಗಳೂರಿನವರಿಗೆ ಮೇ ತಿಂಗಳ ಸೆಕೆ ಗೊತ್ತು. ಅದಕ್ಕೆ ಜೂನಿನ ಮಳೆ ಸೇರಿಸಿಕೊಳ್ಳಿ, ಸಾಕು. ಕೆಲವು ಹೋಟೆಲುಗಳ ಬಾಗಿಲು ಹಾಕಿರುತ್ತದೆ. ಕರೆಂಟು ಎಷ್ಟು ಸಲ ಹೋಗುತ್ತದೆ, ನಲ್ಲಿಯಲ್ಲಿ ನೀರು ಬರುತ್ತದಾ ಇಲ್ಲ ಟ್ಯಾಂಕರ್ ಕರೆಸಬೇಕಾ, ಚರಂಡಿ ಎಲ್ಲಿ ಉಕ್ಕುತ್ತದೆ, ಎಲ್ಲವೂ ಆಗಲೇ ಗೊತ್ತಾಗುವುದು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಒಂದು ಅನುಕೂಲ ಇದೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೊದ ಬೇರೆ ವೀಸಾ ಬೇಡ. 180 ದಿನದವರೆಗೆ ಇರಲು ಅವಕಾಶವಿದೆ. ಆದರೆ ಎಷ್ಟು ದಿನ ಎಂದು ಬರೆದುಕೊಡುವುದು ಗಡಿಯ ಅಧಿಕಾರಿ. ಮನೆ ಕೊಂಡ ಮಾತ್ರಕ್ಕೆ ಅಲ್ಲಿ ನೆಲೆಸುವ ಪರವಾನಗಿ ತಾನಾಗಿ ಸಿಗುವುದಿಲ್ಲ.

ಹೆಜ್ಜೆ 2: ಯಾವ ಕಡಲು ಅಂತ ತೀರ್ಮಾನ ಮಾಡಿ

ಮೆಕ್ಸಿಕೊದ ಬೀಚ್ ಅಂದರೆ ಒಂದೇ ಥರ ಅಲ್ಲ. ರೊಸಾರಿಟೊ, ಎನ್ಸೆನಾಡಾ ಕಡೆ ನೀರು ತಣ್ಣಗೆ, ಹವೆ ಹಿತ. ಗಡಿ ಹತ್ತಿರ ಇರುವುದರಿಂದ ವಾರಾಂತ್ಯಕ್ಕೆ ಹೋಗಿ ಬರಬಹುದು. ಪ್ವೆರ್ಟೊ ವಯಾರ್ಟಾ ಹಳೇ ಊರು. ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲ ಕೈಗೆಟುಕುವಷ್ಟು ಹತ್ತಿರ. ಅಲ್ಲಿನ ಕಡಲ ಬೀದಿಯಲ್ಲಿ ಸೋರೆ ಬುರುಡೆ ಹೊತ್ತವರು ‘ತೂಬಾ’ ಮಾರುತ್ತಾರೆ. ಒಂದು ಲೋಟ ಕುಡಿದು ನೋಡಿ, ತೆಂಗಿನ ನೀರಾ ಕುಡಿದವರಿಗೆ ಗುರುತು ಸಿಗುತ್ತದೆ. ತೆಂಗಿನಿಂದ ಹಾಗೆ ರಸ ಇಳಿಸುವ ವಿದ್ಯೆ ಹಿಂದೆ ಫಿಲಿಪ್ಪೀನ್ಸ್‌ನಿಂದ ಹಡಗಿನಲ್ಲಿ ಬಂದದ್ದು. ಯುಕಟಾನ್ ರಾಜ್ಯದ ಪ್ರೊಗ್ರೆಸೊದಲ್ಲಿ ಅಬ್ಬರ ಕಡಿಮೆ, ಮೆರಿಡಾ ನಗರ ಪಕ್ಕದಲ್ಲೇ ಇದೆ, ಅಪರಾಧವೂ ಕಡಿಮೆ.

ಕೆರಿಬಿಯನ್ ಕಡೆ, ಅಂದರೆ ಪ್ಲಾಯಾ ಡೆಲ್ ಕಾರ್ಮೆನ್, ಟುಲೂಮ್‌ನಲ್ಲಿ ನೀರಿನ ಬಣ್ಣ ನೋಡಿದರೆ ಮಾತೇ ಹೊರಡುವುದಿಲ್ಲ. ಆದರೆ 2015ರಿಂದೀಚೆಗೆ ಅಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿ ರಾಶಿಯಾಗಿ ದಡಕ್ಕೆ ಬಂದು ಬೀಳುತ್ತಿದೆ. ಬೇಸಿಗೆಯ ತಿಂಗಳುಗಳಲ್ಲಿ ಕೊಳೆತರೆ ಮೊಟ್ಟೆ ಕೆಟ್ಟ ವಾಸನೆ. ಜಾಹೀರಾತಿನ ಫೋಟೋದಲ್ಲಿ ಅದು ಕಾಣುವುದಿಲ್ಲ, ಅಲ್ವಾ? ಟುಲೂಮ್‌ಗೆ 2023ರ ಡಿಸೆಂಬರಿನಲ್ಲಿ ಹೊಸ ವಿಮಾನ ನಿಲ್ದಾಣ ಬಂತು. ಅದರ ಹೆಸರು ಹೇಳಿಕೊಂಡು ಇನ್ನೂ ಕಟ್ಟದ ಫ್ಲಾಟುಗಳನ್ನು ನಕ್ಷೆ ತೋರಿಸಿ ಮಾರುವವರು ಬೇಕಾದಷ್ಟಿದ್ದಾರೆ. ನನ್ನನ್ನು ಕೇಳಿದರೆ, ಕಟ್ಟಿ ಮುಗಿದು ಜನ ವಾಸ ಮಾಡುತ್ತಿರುವ ಕಟ್ಟಡ ಬಿಟ್ಟು ಬೇರೆ ಯಾವುದಕ್ಕೂ ಅಲ್ಲಿ ಮುಂಗಡ ಕೊಡಬಾರದು.

ಸುರಕ್ಷತೆಯ ಮಾತೂ ಊರೂರಿಗೆ ಬೇರೆ. ಮಸಾಟ್ಲಾನ್ ಸುಂದರ ಊರು. ಆದರೆ ಅದು ಇರುವ ಸಿನಲೊವಾ ರಾಜ್ಯದಲ್ಲಿ 2024ರ ಸೆಪ್ಟೆಂಬರಿನಿಂದ ಡ್ರಗ್ಸ್ ಗುಂಪುಗಳ ಒಳಜಗಳ ಜೋರಾಯಿತು. ‘ಮೆಕ್ಸಿಕೊ ಸೇಫಾ?’ ಎಂದು ಕೇಳಬೇಡಿ. ಆ ಊರು, ಆ ಬೀದಿ ಹೇಗೆ ಎಂದು ಕೇಳಿ.

ಹೆಜ್ಜೆ 3: ಜಮೀನು ಯಾರದು ಅಂತ ಕೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ.

ಮೆಕ್ಸಿಕೊದ ಹೆಚ್ಚುಕಡಿಮೆ ಅರ್ಧ ನೆಲ ‘ಎಹಿಡೊ’ ಮತ್ತು ಊರೊಟ್ಟಿನ ಜಮೀನು. 1910ರ ಕ್ರಾಂತಿಯ ನಂತರ ದೊಡ್ಡ ಜಮೀನ್ದಾರರ ಭೂಮಿಯನ್ನು ಹಳ್ಳಿಗರಿಗೆ ಹಂಚಿದರು. ಉಳಬಹುದು, ಮಕ್ಕಳಿಗೆ ಕೊಡಬಹುದು, ಮಾರುವ ಹಾಗಿಲ್ಲ ಎಂಬ ಷರತ್ತಿತ್ತು. 1992ರಲ್ಲಿ ಸಂವಿಧಾನ ತಿದ್ದಿ, ಎಹಿಡೊದ ಸಭೆ ಒಪ್ಪಿದರೆ ಅದನ್ನು ಖಾಸಗಿ ಜಮೀನಾಗಿ ಮಾಡಿಕೊಳ್ಳಲು ದಾರಿ ಬಿಟ್ಟರು. ಆ ಕೆಲಸ ಪೂರ್ತಿ ಮುಗಿಯುವವರೆಗೆ ವಿದೇಶಿಯರು ಅದರ ಮಾಲೀಕರಾಗಲು ಸಾಧ್ಯವಿಲ್ಲ. ಬ್ಯಾಂಕ್ ಟ್ರಸ್ಟೂ ಆಗುವುದಿಲ್ಲ.

ನಮ್ಮಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಗೊತ್ತಿಲ್ಲದೆ ಕೊಂಡು, ಪಿಟಿಸಿಎಲ್ ಕಾಯ್ದೆಯಡಿ ಹತ್ತಿಪ್ಪತ್ತು ವರ್ಷದ ಮೇಲೆ ಕಳೆದುಕೊಂಡವರ ಕಥೆ ಕೇಳಿದ್ದೀರಲ್ಲ? ಅದೇ ಜಾತಿಯ ತಾಪತ್ರಯ ಇದು. ಬೆಲೆ ಅಕ್ಕಪಕ್ಕಕ್ಕಿಂತ ಅರ್ಧ ಇರುತ್ತದೆ. ‘ಹಕ್ಕು ವರ್ಗಾವಣೆ ಪತ್ರ ಕೊಡ್ತೀವಿ, ಇಲ್ಲೆಲ್ಲ ಹೀಗೇ ನಡೆಯೋದು’ ಎನ್ನುತ್ತಾರೆ. ಆ ಪತ್ರಕ್ಕೆ ಸೀಲು, ಸಹಿ ಎಲ್ಲ ಇರುತ್ತದೆ. ನಿಮಗೆ ಮಾಲೀಕತ್ವ ಮಾತ್ರ ಬರುವುದಿಲ್ಲ. ಖಾಸಗಿ ಮಾಡಿದ ಮೇಲೂ ಒಂದು ಕೊಕ್ಕೆ ಇದೆ. ಮೊದಲ ಸಲ ಮಾರುವಾಗ ಮನೆಯವರಿಗೆ, ಆಮೇಲೆ ಎಹಿಡೊದವರಿಗೆ ಮೊದಲು ಕೊಳ್ಳುವ ಹಕ್ಕು ಇರುತ್ತದೆ. ಅವರಿಗೆ ತಿಳಿಸಿ 30 ದಿನ ಕಾಯಬೇಕು. ಕಾಯದಿದ್ದರೆ ಮಾರಾಟವನ್ನೇ ರದ್ದು ಮಾಡಿಸಬಹುದು.

ಎನ್ಸೆನಾಡಾ ಹತ್ತಿರದ ಪುಂಟಾ ಬಾಂಡಾದಲ್ಲಿ ಅಮೆರಿಕನ್ನರು ಎಹಿಡೊ ಹೆಸರಿನಲ್ಲಿದ್ದ ಜಾಗವನ್ನು ನಂಬಿ ಕಡಲಂಚಿಗೆ ಮನೆ ಕಟ್ಟಿಕೊಂಡಿದ್ದರು. ಜಾಗ ನಮ್ಮದು ಎಂದು ಬೇರೆಯವರು ಕೋರ್ಟಿಗೆ ಹೋಗಿ, ಸುಪ್ರೀಂ ಕೋರ್ಟಿನವರೆಗೂ ಹೋರಾಡಿ ಗೆದ್ದರು. 2000ದಲ್ಲಿ ಪೊಲೀಸರು ಬಂದು ಮನೆ ಖಾಲಿ ಮಾಡಿಸಿದರು. 2016ರಲ್ಲಿ ಟುಲೂಮ್‌ನ ಬೀಚ್ ರಸ್ತೆಯಲ್ಲಿ ನಡೆಯುತ್ತಿದ್ದ ಹೋಟೆಲುಗಳನ್ನೇ ಹೀಗೆ ತೆರವು ಮಾಡಿಸಿದರು. ಎಹಿಡೊ ಎಂಬ ಮಾತು ಕಿವಿಗೆ ಬಿದ್ದರೆ ನಾನಂತೂ ಎಳನೀರು ಕುಡಿದು ಎದ್ದು ಬರುತ್ತೇನೆ.

ಇನ್ನೊಂದು ಮಾತು. ಉಬ್ಬರದ ಗೆರೆಯಿಂದ 20 ಮೀಟರ್ ಒಳಗಿನ ಪಟ್ಟಿ ಕೇಂದ್ರ ಸರ್ಕಾರದ್ದು. ಬೀಚು ಎಲ್ಲರದ್ದು. ‘ಖಾಸಗಿ ಬೀಚ್’ ಎಂದು ಯಾರಾದರೂ ಹೇಳಿದರೆ ಅದು ಸುಮ್ನೆ ಮಾತು. ಆ ಪಟ್ಟಿಯಲ್ಲಿ ಮಂಟಪವನ್ನೋ ಮೆಟ್ಟಿಲನ್ನೋ ಕಟ್ಟಿದ್ದರೆ ಅದಕ್ಕೆ ಪರವಾನಗಿ ಇದೆಯೇ, ಅದು ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಕೇಳಿ.

ಹೆಜ್ಜೆ 4: ಬ್ಯಾಂಕ್ ಟ್ರಸ್ಟ್ ಅರ್ಥ ಮಾಡಿಕೊಳ್ಳಿ

ಕಡಲಿನಿಂದ 50 ಕಿಲೋಮೀಟರ್, ದೇಶದ ಗಡಿಯಿಂದ 100 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಜಮೀನಿನ ಒಡೆಯರಾಗುವಂತಿಲ್ಲ. 1917ರ ಸಂವಿಧಾನದ 27ನೇ ವಿಧಿ ಹೀಗೆ ಹೇಳುತ್ತದೆ. 1848ರಲ್ಲಿ ಅಮೆರಿಕಕ್ಕೆ ಯುದ್ಧದಲ್ಲಿ ಸೋತು ಅರ್ಧ ದೇಶ ಕಳೆದುಕೊಂಡವರು ಹೀಗೆ ಬರೆದುಕೊಂಡರೆ ಆಶ್ಚರ್ಯವೇನಿಲ್ಲ.

ಇದಕ್ಕೆ ಕಾನೂನೇ ಕೊಟ್ಟಿರುವ ದಾರಿ ‘ಫಿಡೆಕೊಮಿಸೊ’, ಅಂದರೆ ಬ್ಯಾಂಕ್ ಟ್ರಸ್ಟ್. ಪತ್ರ ಬ್ಯಾಂಕಿನ ಹೆಸರಿನಲ್ಲಿ, ಅನುಭೋಗದ ಹಕ್ಕು ಪೂರ್ತಿ ನಿಮ್ಮದು. ಇರಬಹುದು, ಬಾಡಿಗೆಗೆ ಕೊಡಬಹುದು, ಒಡೆದು ಕಟ್ಟಬಹುದು, ಮಾರಬಹುದು. ಅವಧಿ 50 ವರ್ಷ, ಆಮೇಲೆ ನವೀಕರಿಸಬಹುದು. ಇದನ್ನು ಲೀಸ್ ಎಂದುಕೊಳ್ಳುವವರಿದ್ದಾರೆ. ಲೀಸ್ ಅಲ್ಲ. ಮನೆ ಬ್ಯಾಂಕಿನ ಆಸ್ತಿ ಲೆಕ್ಕಕ್ಕೂ ಸೇರುವುದಿಲ್ಲ. ಟ್ರಸ್ಟ್ ಮಾಡಿಸಲು ವಿದೇಶಾಂಗ ಇಲಾಖೆಯ ಪರವಾನಗಿ ಬೇಕು, ಮತ್ತು ಬ್ಯಾಂಕಿಗೆ ವರ್ಷ ವರ್ಷ ಕೆಲವು ನೂರು ಡಾಲರ್ ಶುಲ್ಕ ಕಟ್ಟಬೇಕು. ಈ ಆಸ್ತಿಯ ವಿಷಯದಲ್ಲಿ ನಮ್ಮ ದೇಶದ ಸರ್ಕಾರದ ನೆರವು ಕೇಳುವುದಿಲ್ಲ ಎಂಬ ಷರತ್ತಿಗೂ ಒಪ್ಪಬೇಕು.

ಶುಲ್ಕ ಉಳಿಸಲು ಕೆಲವರು ಅಲ್ಲಿನ ಗೆಳೆಯರ ಹೆಸರಿಗೆ ಮಾಡಿಸುತ್ತಾರೆ. ಅವರ ಭಾಷೆಯಲ್ಲಿ ‘ಪ್ರೆಸ್ಟಾನೊಂಬ್ರೆ’, ಹೆಸರು ಸಾಲ ಕೊಡುವವನು. ನಮ್ಮ ಭಾಷೆಯಲ್ಲಿ ಬೇನಾಮಿ. ಬೇನಾಮಿ ಎಂದ ಮೇಲೆ ಬಿಡಿಸಿ ಹೇಳುವುದೇನಿದೆ?

ಹೆಜ್ಜೆ 5: ನೊಟಾರಿಯೊ ಬೇರೆ, ನಿಮ್ಮ ವಕೀಲರು ಬೇರೆ

ನೊಟಾರಿಯೊ ಅಂದರೆ ಕೋರ್ಟ್ ಎದುರಿನ ಮರದ ಕೆಳಗೆ ಕೂತು ಸೀಲು ಹೊಡೆಯುವವರಲ್ಲ. ಸರ್ಕಾರ ನೇಮಿಸಿದ ಅನುಭವಿ ವಕೀಲರು. ಮಾರಾಟ ಪತ್ರ ಮಾಡುವುದು, ತೆರಿಗೆ ವಸೂಲಿ ಮಾಡಿ ಕಟ್ಟುವುದು, ನೋಂದಣಿಗೆ ಕಳಿಸುವುದು ಅವರ ಕೆಲಸ. ಆದರೆ ಅವರು ನಿಮ್ಮ ಪರವೂ ಅಲ್ಲ, ಮಾರುವವರ ಪರವೂ ಅಲ್ಲ. ನಿಮ್ಮ ಪರವಾಗಿ ಓದಲು ಬೇರೆ ವಕೀಲರನ್ನು ಇಟ್ಟುಕೊಳ್ಳಿ. ಅವರನ್ನು ಏಜೆಂಟ್ ಪರಿಚಯ ಮಾಡಿಸಿರಬಾರದು. ಇಂಗ್ಲಿಷ್ ಪ್ರತಿ ಕೊಟ್ಟರೂ ಕಾನೂನಿನಲ್ಲಿ ನಡೆಯುವುದು ಸ್ಪ್ಯಾನಿಷ್ ಪ್ರತಿಯೇ.

ಕೇಳಬೇಕಾದ ಕಾಗದ: ಮೂಲ ಪತ್ರ, ನಮ್ಮ ಇಸಿಯ ಹಾಗೆ ಸಾಲ ಅಥವಾ ತಕರಾರು ಇಲ್ಲ ಎಂಬ ಪ್ರಮಾಣ ಪತ್ರ, ಆಸ್ತಿ ತೆರಿಗೆ, ನೀರಿನ ಬಿಲ್ ಮತ್ತು ಕರೆಂಟ್ ಬಿಲ್ ಬಾಕಿ ಇಲ್ಲದ ರಸೀದಿ. ಫ್ಲಾಟ್ ಆದರೆ ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರವೂ ಬೇಕು. ಮುಂಗಡವನ್ನು ಏಜೆಂಟ್ ಕೈಗೆ ಕೊಡಬೇಡಿ. ದುಡ್ಡನ್ನು ಮೂರನೆಯವರ ಬಳಿ ಇಡುವ ಎಸ್ಕ್ರೋ ವ್ಯವಸ್ಥೆ ಇದೆ, ಅದನ್ನೇ ಬಳಸಿ.

ಹೆಜ್ಜೆ 6: ಪತ್ರದಲ್ಲಿ ಪೂರ್ತಿ ಬೆಲೆ ಬರೆಸಿ

ಪತ್ರದ ಖರ್ಚು, ಆಸ್ತಿ ವರ್ಗಾವಣೆ ತೆರಿಗೆ, ಟ್ರಸ್ಟ್ ಖರ್ಚು ಎಲ್ಲ ಸೇರಿ ಸಾಮಾನ್ಯವಾಗಿ ಬೆಲೆಯ ಶೇ 5ರಿಂದ 8 ಆಗುತ್ತದೆ. ವಿದೇಶಿಯರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ಜಾಸ್ತಿ. ಆದ್ದರಿಂದ ಹೆಚ್ಚಿನವರು ಪೂರ್ತಿ ದುಡ್ಡು ಕೊಟ್ಟೇ ಕೊಳ್ಳುತ್ತಾರೆ.

‘ಪತ್ರದಲ್ಲಿ ಕಡಿಮೆ ತೋರಿಸೋಣ, ಇಬ್ಬರಿಗೂ ಉಳಿತಾಯ’ ಎಂಬ ಮಾತು ಅಲ್ಲೂ ಕೇಳಿಬರುತ್ತದೆ. ಬೇಡ. ಕೊಂಡ ಬೆಲೆ ಕಡಿಮೆ ಕಂಡರೆ ಮಾರುವಾಗ ಲಾಭ ಜಾಸ್ತಿ ಕಾಣುತ್ತದೆ. ಇವತ್ತು ಉಳಿಸಿದ್ದನ್ನು ನೀವು ಮಾರುವ ದಿನ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಅಲ್ಲಿ ವಾಸವಿಲ್ಲದವರು ಮಾರಿದರೆ ಪೂರ್ತಿ ಬೆಲೆಯ ಮೇಲೆ ಶೇ 25, ಅಥವಾ ಷರತ್ತುಗಳನ್ನು ಪೂರೈಸಿದರೆ ಲಾಭದ ಮೇಲೆ ಶೇ 35 ತೆರಿಗೆ.

ಅದರಲ್ಲೂ ಲಾಭವನ್ನು ಲೆಕ್ಕ ಹಾಕುವುದು ಪೆಸೊದಲ್ಲಿ. ಡಾಲರಿಗೆ 17 ಪೆಸೊ ಇದ್ದಾಗ ನೀವು 2 ಲಕ್ಷ ಡಾಲರಿಗೆ ಕೊಂಡಿರಿ ಎನ್ನಿ. ಪತ್ರದಲ್ಲಿ 34 ಲಕ್ಷ ಪೆಸೊ. ಡಾಲರ್ 20 ಪೆಸೊ ಆದಾಗ ಅದೇ 2 ಲಕ್ಷ ಡಾಲರಿಗೆ ಮಾರಿದಿರಿ. ಈಗ 40 ಲಕ್ಷ. ನಿಮ್ಮ ಜೇಬಿಗೆ ಒಂದು ಡಾಲರೂ ಜಾಸ್ತಿ ಬಂದಿಲ್ಲ, ಕಾಗದದ ಮೇಲೆ ಮಾತ್ರ 6 ಲಕ್ಷ ಪೆಸೊ ಲಾಭ! ಹಣದುಬ್ಬರದ ಲೆಕ್ಕದಲ್ಲಿ ಸ್ವಲ್ಪ ಕಡಿತ ಸಿಗಬಹುದು. 2024 ಒಂದೇ ವರ್ಷದಲ್ಲಿ ಪೆಸೊ ಡಾಲರಿಗೆ 17ರ ಆಸುಪಾಸಿನಿಂದ 20 ದಾಟಿತ್ತು, ಹಾಗಾಗಿ ಇದು ಸುಮ್ನೆ ಕಟ್ಟಿದ ಲೆಕ್ಕವಲ್ಲ.

ಬೆಂಗಳೂರಿನಿಂದ ದುಡ್ಡು ಕಳಿಸುವವರಿಗೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಮಿತಿ ಇದೆ: ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್. 10 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕ್ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಗೆ ಈ ಮನೆಯನ್ನು ಸೇರಿಸಲೇಬೇಕು.

ಹೆಜ್ಜೆ 7: ಉಪ್ಪು, ಗಾಳಿ, ಕರೆಂಟು

ಆಸ್ತಿ ತೆರಿಗೆ ನೋಡಿದರೆ ಖುಷಿಯಾಗುತ್ತದೆ, ಅಷ್ಟು ಕಡಿಮೆ. ಜನವರಿಯಲ್ಲೇ ಕಟ್ಟಿದರೆ ಹೆಚ್ಚಿನ ಕಡೆ ರಿಯಾಯಿತಿ. ಮನೆಗೆಲಸದವರು, ಮಾಲಿ, ಡಾಕ್ಟರು, ತರಕಾರಿ ಎಲ್ಲವೂ ಅಮೆರಿಕದ ಮುಂದೆ ಅಗ್ಗ. ಉಳಿದದ್ದನ್ನು ಕಡಲು ವಸೂಲಿ ಮಾಡುತ್ತದೆ. ಉಪ್ಪು ಗಾಳಿಗೆ ಎಸಿಯ ಹೊರಗಿನ ಯಂತ್ರ, ಬಾಗಿಲ ಕೀಲು, ಗ್ರಿಲ್ ಎಲ್ಲ ತುಕ್ಕು. ಗೋಡೆಯಲ್ಲಿ ಬಿಳಿ ಉಪ್ಪು ಒಸರಿ ಬಣ್ಣ ಏಳುತ್ತದೆ. ಅವರು ‘ಸಲಿತ್ರೆ’ ಎನ್ನುತ್ತಾರೆ. ಕಾರವಾರ, ಮಲ್ಪೆ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಎಸಿ ಹಗಲೂ ರಾತ್ರಿ ಓಡಿಸಿದರೆ ಕರೆಂಟ್ ಕಂಪನಿ ನಿಮ್ಮನ್ನು ‘ಹೆಚ್ಚು ಬಳಕೆ’ಯ ದರಕ್ಕೆ ಹಾಕುತ್ತದೆ. ಆಗ ಸಬ್ಸಿಡಿ ಪೂರ್ತಿ ಹೋಗುತ್ತದೆ.

ಚಂಡಮಾರುತವಂತೂ ಹೇಳಿ ಕೇಳಿ ಬರುವುದಿಲ್ಲ. 2023ರ ಅಕ್ಟೋಬರಿನಲ್ಲಿ ‘ಓಟಿಸ್’ ಅರ್ಧ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಅತಿ ಭೀಕರ ದರ್ಜೆಗೆ ಏರಿ ಅಕಾಪುಲ್ಕೊಗೆ ಬಡಿಯಿತು. ಕಡಲಿಗೆ ಮುಖ ಮಾಡಿದ ಎತ್ತರದ ಕಟ್ಟಡಗಳಲ್ಲಿ ಗಾಜು ಹೋಗಿ ಬರೀ ಚೌಕಟ್ಟು ಉಳಿಯಿತು. ವಿಮೆ ಮಾಡಿಸುವಾಗ ಗಾಳಿಯ ಹಾನಿಗೂ ಕಡಲ ನೀರು ನುಗ್ಗಿದ ಹಾನಿಗೂ ಬೇರೆ ಬೇರೆ ಸಾಲು ಇದೆಯೇ ಎಂದು ನೋಡಿ. ಬಾಡಿಗೆ ಆದಾಯದ ಭರವಸೆ ಕೊಡುವವರು ಈ ತಿಂಗಳುಗಳನ್ನು ಲೆಕ್ಕಕ್ಕೇ ತಗೊಂಡಿರುವುದಿಲ್ಲ.

ಹೆಜ್ಜೆ 8: ಹೆಸರು ಸರಿಯಾಗಿ ಬರೆಸಿ

ಟ್ರಸ್ಟ್ ಪತ್ರದಲ್ಲಿ ನಿಮ್ಮ ನಂತರ ಮನೆ ಯಾರಿಗೆ ಎಂದು ಬರೆಸಬಹುದು. ಬರೆಸಿದ್ದರೆ ಅಲ್ಲಿನ ಕೋರ್ಟಿನಲ್ಲಿ ವಾರಸಾ ಕೇಸು ನಡೆಸುವ ಕಷ್ಟ ಮಕ್ಕಳಿಗೆ ತಪ್ಪುತ್ತದೆ. ಆದರೆ ಅಲ್ಲಿನ ಫಾರಂಗಳಲ್ಲಿ ಅಪ್ಪನ ಕಡೆಯ ಅಡ್ಡಹೆಸರು, ಅಮ್ಮನ ಕಡೆಯ ಅಡ್ಡಹೆಸರು ಎಂದು ಎರಡು ಖಾನೆ ಇರುತ್ತವೆ. ನಮ್ಮವರ ಹತ್ತಿರ ಇರುವುದು ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಗುಮಾಸ್ತರು ಗೊಂದಲಕ್ಕೆ ಬಿದ್ದು ಏನೋ ಒಂದು ತುಂಬಿಬಿಡುತ್ತಾರೆ. ಸಹಿ ಹಾಕುವ ಮೊದಲು ಟ್ರಸ್ಟ್ ಪತ್ರ, ತೆರಿಗೆ ನೋಂದಣಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅಕ್ಷರಕ್ಕೆ ಅಕ್ಷರ, ಇದೆಯೇ ಎಂದು ಕೂತು ಓದಿ.