ಗೋಕಾಕ್ ಫಾಲ್ಸ್‌ಗೆ ಗದ್ದಲ ಕಡಿಮೆ ಇದ್ದಾಗ ಹೋಗಿ

ಮಳೆಗಾಲದ ಭಾನುವಾರ ಗೋಕಾಕ್ ಫಾಲ್ಸ್‌ಗೆ ಹೋದರೆ ನೀರಿಗಿಂತ ಜನರೇ ಜಾಸ್ತಿ ಕಾಣುತ್ತಾರೆ, ಅಲ್ವಾ? ನನ್ನನ್ನು ಕೇಳಿದರೆ ದಸರಾ ಮುಗಿದ ಮೇಲೆ, ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ.

ಆದರೆ ನೀರು ಇದೆಯಾ ಎಂದು ಮೊದಲು ವಿಚಾರಿಸಿ. ಫಾಲ್ಸ್ ಇರುವ ಘಟಪ್ರಭಾ ನದಿಗೆ ಮೇಲ್ಗಡೆ ಹಿಡಕಲ್ ಡ್ಯಾಂ ಇದೆ, ಆಮೇಲೆ ಧೂಪದಾಳದಲ್ಲಿ ಕಾಲುವೆಗೆ ನೀರು ತಿರುಗುತ್ತದೆ. ಮಳೆ ನಿಂತ ಮೇಲೆ ಉಳಿದದ್ದಷ್ಟೇ ಫಾಲ್ಸ್‌ಗೆ. ಗೋಕಾಕದಲ್ಲಿ ಬೀಗರೋ ಗೆಳೆಯರೋ ಇದ್ದರೆ ಒಂದು ಫೋನ್ ಮಾಡಿ ಹೊರಡಿ. ಬೇಸಿಗೆಯಲ್ಲಂತೂ ಸುಮ್ನೆ ಬಂಡೆ ನೋಡಿ ಬರಬೇಕಾಗುತ್ತದೆ.

ಬಂಡೆಯೂ ನೋಡುವಂಥದ್ದೇ ಬಿಡಿ. ಸುಮಾರು 52 ಮೀಟರ್ ಎತ್ತರ, ಕುದುರೆ ಲಾಳದ ಹಾಗೆ ಬಾಗಿದ ಅಂಚು, ಪದರ ಪದರದ ಮರಳುಗಲ್ಲು. ಮಳೆಗಾಲದ ಕೆಂಪು ನೀರಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ನೀರು ನಾಲ್ಕೈದು ಎಳೆಯಾಗಿ ಇಳಿಯುವಾಗ ಒಂದೊಂದು ಪದರವನ್ನೂ ನಿಧಾನವಾಗಿ ನೋಡಬಹುದು. ಪಕ್ಕದ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಗೂ ಆಗ ಸಮಯ ಸಿಗುತ್ತದೆ. 1887ರಲ್ಲೇ ಇಲ್ಲಿ ನೀರಿನಿಂದ ವಿದ್ಯುತ್ ತಯಾರಿಸಿದ್ದರು, ಮಕ್ಕಳಿಗೆ ಹೇಳಿ.

ನೀರು ಕಡಿಮೆ ಇದೆ ಎಂದು ಅಂಚಿನವರೆಗೆ ಹೋಗಲೇಬೇಡಿ. ಒಣಗಿದಂತೆ ಕಾಣುವ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ನಿಲ್ಲುವುದಿಲ್ಲ. ಮೇಲಿಂದ ನೀರು ಬಿಟ್ಟರೆ ಹರಿವು ಏರಲು ಹೊತ್ತು ಬೇಕಿಲ್ಲ. ಸೆಲ್ಫಿ ದೂರದಿಂದಲೇ ಸಾಕು.

ಸಮಯ ಇದ್ದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಯನ್ನೂ ಸೇರಿಸಿಕೊಳ್ಳಿ. ಅಲ್ಲಿ ನೀರು ಎರಡು ಹಂತದಲ್ಲಿ ಬೀಳುತ್ತದೆ. ರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು ಮನೆಯಿಂದಲೇ ಕಟ್ಟಿಕೊಳ್ಳಿ. ಕರದಂಟು ವಾಪಸ್ ಬರುವಾಗ ಗೋಕಾಕ ಪೇಟೆಯಲ್ಲಿ ತಗೊಂಡರಾಯ್ತು.