ಒಂದು ಚಮಚ ನೀರು ಕೊಟ್ಟು, 'ಆ' ಅನ್ನಿಸಿ

ನಾನು ಸ್ಪೀಚ್ ಥೆರಪಿಸ್ಟ್, ಮಾತಿನ ಜೊತೆಗೆ ನುಂಗುವ ತೊಂದರೆಯನ್ನೂ ನೋಡುತ್ತೇನೆ. ಸಂಜೆ ಐದಕ್ಕೆ ಮನೆಗೆ ಹೊರಡುವವಳು. ಲಕ್ವ (ಸ್ಟ್ರೋಕ್) ಹೊಡೆಯುವುದು ಗಡಿಯಾರ ನೋಡಿಕೊಂಡಲ್ಲ. ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಮೊದಲ ಗುಟುಕು ನೀರು, ಮೊದಲ ಮಾತ್ರೆ ಕೊಡುವವರು ವಾರ್ಡಿನ ಸಿಸ್ಟರ್. ಹಾಗಾಗಿ ನುಂಗಲು ಆಗುತ್ತದಾ ಅಂತ ಮೊದಲು ನೋಡಬೇಕಾದವರೂ ಅವರೇ. ಅದಕ್ಕೇ ನಮ್ಮ ಮೆಡಿಕಲ್ ವಾರ್ಡಿನ ಸಿಸ್ಟರ್‌ಗಳಿಗೆ ಕಲಿಸಲು ಶುರು ಮಾಡಿದೆ.

ಸ್ಟ್ರೋಕ್ ಆದ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ನುಂಗುವ ತೊಂದರೆ ಇರುತ್ತದೆ. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಇದು ಸಿಸ್ಟರ್‌ಗಳಿಗೆ ಗೊತ್ತಿರುವುದೇ. ಸ್ಲೈಡ್‌ಗಳನ್ನು ಬೇಗ ಮುಗಿಸಿ ಎಲ್ಲರ ಕೈಗೂ ಒಂದೊಂದು ಲೋಟ ನೀರು ಕೊಟ್ಟೆ.

"ತುಟಿ ಮುಚ್ಚದೆ ನುಂಗಿ ನೋಡೋಣ" ಅಂದೆ. ಯಾರಿಗೂ ಸಲೀಸಾಗಲಿಲ್ಲ. ಒಬ್ಬರ ಗಲ್ಲದಿಂದ ನೀರು ಇಳಿದು ಯೂನಿಫಾರಂ ಒದ್ದೆಯಾಯಿತು, ಎಲ್ಲರೂ ನಕ್ಕರು. ಆಮೇಲೆ ಗಂಟಲು ಮುಕ್ಕಳಿಸುವಾಗಿನ ಹಾಗೆ ಒಂಚೂರು ನೀರು ಹಿಡಿದುಕೊಂಡು 'ಆ' ಅನ್ನಲು ಹೇಳಿದೆ. ಗೊರಗೊರ ಅಂತ ಸದ್ದು ಬಂತು. ನನಗೆ ಬೇಕಿದ್ದದ್ದು ಅದೇ. ನೀರು ದಾರಿ ತಪ್ಪಿದರೂ ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಆಗ ಈ ಒದ್ದೆ ದನಿಯಾದರೂ ಸುಳಿವು ಕೊಡಬಹುದು. ನೀರು ಕೊಡುವ ಮೊದಲೂ ಒಂದು ಸಲ 'ಆ' ಅನ್ನಿಸಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು?

ವಾರ್ಡಿನಲ್ಲಿ ಮಾಡುವುದು ಇಷ್ಟು. ರೋಗಿಗೆ ಎಚ್ಚರ ಇದೆಯಾ, ನೆಟ್ಟಗೆ ಕೂರಲು ಆಗುತ್ತದಾ, ಜೊಲ್ಲು ಸುರಿಯುತ್ತಿದೆಯಾ ಅಂತ ನೋಡಬೇಕು. ಇಲ್ಲೇ ತೊಂದರೆ ಕಂಡರೆ ನೀರಿನ ಮಾತೇ ಇಲ್ಲ. ಸರಿ ಇದ್ದರೆ ಬಾಯಿ ಸ್ವಚ್ಛ ಮಾಡಿ, ಮೂರು ಸಲ ಒಂದೊಂದು ಚಮಚ ನೀರು. ಆಮೇಲೆ 90 ಮಿಲಿ, ನಿಲ್ಲಿಸದೆ ಕುಡಿಯಬೇಕು. ಪೇಪರ್ ಕಪ್ಪಿಗೆ ಪೆನ್ನಿನಲ್ಲಿ ಗೆರೆ ಹಾಕಿಟ್ಟಿದ್ದೇವೆ. ಕೆಮ್ಮಿದರೆ, ನಡುವೆ ನಿಲ್ಲಿಸಿದರೆ, ದನಿ ಬದಲಾದರೆ ಅಲ್ಲಿಗೇ ಬಿಟ್ಟು ಡಾಕ್ಟರಿಗೆ ತಿಳಿಸಬೇಕು. ಪಾಸಾದವರಿಗೂ ಮಂಪರು ಜಾಸ್ತಿಯಾದರೆ ಮತ್ತೆ ಮೊದಲಿಂದ.

ಗಂಟಲು ಮುಟ್ಟಿ ವಾಕರಿಕೆ ಬರುತ್ತದಾ ಅಂತ ನೋಡುವ ಅಭ್ಯಾಸ ಕೆಲವು ಹಿರಿಯ ಸಿಸ್ಟರ್‌ಗಳಿಗಿತ್ತು. ಅದನ್ನು ನಂಬಬೇಡಿ ಅಂದೆ. ವಾಕರಿಕೆ ಬರುವವರೂ ನುಂಗುವಾಗ ಎಡವುತ್ತಾರೆ.

ಮನೆಯವರದ್ದೇ ದೊಡ್ಡ ಅಧ್ಯಾಯ. ಕೇಸ್ ಶೀಟಿನಲ್ಲಿ 'ಎನ್‌ಪಿಒ' ಅಂತ ಬರೆದರೆ ಮಗಳಿಗೆ ಏನು ಅರ್ಥವಾಗಬೇಕು? ಈಗ ಮಂಚದ ತಲೆಯ ಕಡೆ "ಬಾಯಿಗೆ ಏನೂ ಕೊಡಬೇಡಿ, ನೀರೂ ಬೇಡ" ಅಂತ ಕನ್ನಡದಲ್ಲೇ ಬೋರ್ಡು ಇದೆ. ಆದರೂ "ಎಳನೀರು ತಾನೇ ಸಿಸ್ಟರ್, ನೀರಿನ ಹಾಗೇ ಇಳಿಯುತ್ತೆ" ಅನ್ನುತ್ತಾರೆ. ತೊಂದರೆ ಇರುವುದೇ ಅಲ್ಲಿ. ತೆಳ್ಳಗಿನದ್ದು ಬೇಗ ಜಾರುತ್ತದೆ, ಗಂಟಲು ಮುಚ್ಚಿಕೊಳ್ಳುವುದರೊಳಗೆ ಶ್ವಾಸನಾಳಕ್ಕೆ ಇಳಿದಿರುತ್ತದೆ. ಎಷ್ಟೋ ಜನರಿಗೆ ತಿಳಿಸಾರಿಗಿಂತ ಗಟ್ಟಿ ರಾಗಿ ಗಂಜಿ ಸುಲಭ. ಸಾಂಬಾರಿನಲ್ಲಿ ನೆನೆಸಿದ ಇಡ್ಲಿಯಂತೂ ಇನ್ನೂ ಕಷ್ಟ, ಗಟ್ಟಿ ಒಂದು ಕಡೆ, ನೀರು ಇನ್ನೊಂದು ಕಡೆ. ಚೊಂಬು ಎತ್ತಿ ಬಾಯಿಗೆ ಹೊಯ್ಯುವ ರೂಢಿಯನ್ನೂ ಬಿಡಿಸಬೇಕಾಯಿತು. ತಲೆ ಹಿಂದಕ್ಕೆ ವಾಲಿದರೆ ನೀರಿನ ಮೇಲೆ ಹಿಡಿತ ಇರುವುದಿಲ್ಲ.

ಮಾತ್ರೆಯ ವಿಷಯದಲ್ಲಿ ಸಿಸ್ಟರ್‌ಗಳಿಗೆ ಬೇಕಿದ್ದದ್ದು ತರಬೇತಿಗಿಂತ ಧೈರ್ಯ. "ಡಾಕ್ಟರ್ ಈಗಲೇ ಕೊಡಿ ಅಂತ ಬರೆದಿದ್ದಾರೆ, ನಾನು ಹೇಗೆ ತಡೆಯಲಿ ಮೇಡಂ?" ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸೂಪರಿಂಟೆಂಡೆಂಟ್ ಹತ್ತಿರ ಹೋದೆ. ಜ್ವರ, ಸಕ್ಕರೆ, ನುಂಗುವಿಕೆ ಮೂರನ್ನೂ ನರ್ಸ್‌ಗಳೇ ನಿಯಮ ಪ್ರಕಾರ ನೋಡಿಕೊಂಡಾಗ ರೋಗಿಗಳು ಮೂರು ತಿಂಗಳ ನಂತರವೂ ಹೆಚ್ಚು ಚೆನ್ನಾಗಿದ್ದರು ಅಂತ ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳಲ್ಲಿ ನಡೆದ ಅಧ್ಯಯನ 2011ರಲ್ಲೇ ತೋರಿಸಿದೆ. ಅದನ್ನು ಮುಂದಿಟ್ಟೆ. ಈ ನುಂಗುವ ಪರೀಕ್ಷೆ (ಸ್ಕ್ರೀನಿಂಗ್) ಆಗದೆ ಬಾಯಿಗೆ ಮಾತ್ರೆ ಇಲ್ಲ ಅಂತ ಸುತ್ತೋಲೆ ಬಂತು. ಫೇಲಾದರೆ ಡ್ಯೂಟಿ ಡಾಕ್ಟರು ಬೇರೆ ದಾರಿ ಬರೆಯುತ್ತಾರೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ಟ್ಯೂಬಿಗೆ ಹಾಕಲು ಕೆಲವು ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ ಅನ್ನುವುದನ್ನೂ ಅದರಲ್ಲೇ ಸೇರಿಸಿಸಿದೆ.

ಸಿಸ್ಟರ್‌ಗಳು ವಾರ್ಡು ಬದಲಾಗುತ್ತಲೇ ಇರುತ್ತಾರೆ. ಹೊಸಬರಿಗೆ ಈಗ ಹಳಬರೇ ಹೇಳಿಕೊಡುತ್ತಾರೆ. ಬೆಳಿಗ್ಗೆ ನಾನು ಹಿಂದಿನ ರಾತ್ರಿಯ ಶೀಟು ನೋಡಿ, ಅನುಮಾನ ಅಂತ ಗುರುತು ಹಾಕಿದವರ ಹತ್ತಿರ ಮೊದಲು ಹೋಗುತ್ತೇನೆ.